ಅಭಿಮಾನವು ವಿದ್ಯಾದಾನವಾದಾಗ: ಪುಣೆಯ ಯಕ್ಷಗಾನಪ್ರಿಯರ ಮುಂದಿರುವ ಕಾರ್ಯ

ಕಲೆಯ ಮೇಲಣ ಅಭಿಮಾನವು ಎರಡು ಬಗೆಯದು. ಆಟ ಮುಗಿದು ಬೆಳಕು ಹರಿಯುವುದರೊಳಗೆ ಚಪ್ಪಾಳೆಯೊಡನೆ ತೀರಿಹೋಗುವಂಥದು ಒಂದು. ತನಗೆ ಸಂತೋಷವನ್ನಿತ್ತ ಕಲಾವಿದನ ಮನೆಯಲ್ಲಿ ಒಲೆ ಉರಿಯುತ್ತಿದೆಯೇ, ಅವನ ಮಕ್ಕಳು ಶಾಲೆಗೆ ಹೋಗುತ್ತಿರುವರೇ ಎಂದು ವಿಚಾರಿಸುವಂಥದು ಇನ್ನೊಂದು. ಈ ಎರಡನೆಯ ಬಗೆಯ ಅಭಿಮಾನವು ಯಕ್ಷಗಾನಪ್ರಿಯರಲ್ಲಿ ಇಂದು ಸಂಸ್ಥೆಯ ರೂಪವನ್ನು ತಾಳಿದೆ. ಅದರ ಒಂದು ಶಾಖೆ ನಮ್ಮ ಪುಣೆಯಲ್ಲಿಯೂ ಬೇರೂರಿದೆ.

ತೆಂಕುತಿಟ್ಟಿನ ಪ್ರಸಿದ್ಧ ಭಾಗವತರಾದ ಪಟ್ಲ ಸತೀಶ ಶೆಟ್ಟಿಯವರ ನೇತೃತ್ವದಲ್ಲಿ 2015ರಲ್ಲಿ ಯಕ್ಷಧ್ರುವ ಪಟ್ಲ ಫೌಂಡೇಶನ್ ಟ್ರಸ್ಟ್ ಸ್ಥಾಪಿತವಾಯಿತು. ಅವರ ಕಂಠಕ್ಕೆ ಮನಸೋತ ಅಭಿಮಾನಿಗಳೇ ಅದರ ಬಲ. ಊರಿನಲ್ಲಲ್ಲದೆ ಮುಂಬಯಿ, ಪುಣೆ ಮೊದಲಾದ ನಗರಗಳಲ್ಲಿಯೂ ಅದಕ್ಕೆ ಘಟಕಗಳಿವೆ. ಮಂಗಳೂರಿನ ಬಳಿಯ ಅಡ್ಯಾರಿನಲ್ಲಿ ‘ಪಟ್ಲ ಸಂಭ್ರಮ’ವೆಂಬ ಹೆಸರಿನಿಂದ ಅಭಿಮಾನಿಗಳ ದೊಡ್ಡ ಸಮಾವೇಶವು ಜರಗುತ್ತ ಬಂದಿದೆ. ಅಲ್ಲಿ ಆಟ, ಕೂಟ, ಸನ್ಮಾನ ಎಲ್ಲವೂ ಉಂಟು. ಆದರೆ ಕೂಡಿಬಂದ ಹಣವು ಅಶಕ್ತ ಕಲಾವಿದರ ಚಿಕಿತ್ಸೆಗೆ, ಮನೆ ಕಟ್ಟುವುದಕ್ಕೆ, ಅವರ ಮಕ್ಕಳ ವಿದ್ಯಾಭ್ಯಾಸಕ್ಕೆ ಮತ್ತು ಶಾಲೆಗಳಲ್ಲಿ ಯಕ್ಷಗಾನ ಕಲಿಸುವುದಕ್ಕೆ ವಿನಿಯೋಗವಾಗುವುದೇ ಈ ಸಂಭ್ರಮದ ಹೆಚ್ಚುಗಾರಿಕೆ.

ಈ ಸಹಾಯದ ಬೆಲೆಯನ್ನು ತಿಳಿಯಬೇಕಾದರೆ ಮೇಳದ ಜೀವನಕ್ರಮವನ್ನು ಅರಿಯಬೇಕು. ದೀಪಾವಳಿಯ ಆಸುಪಾಸಿನಲ್ಲಿ ಹೊರಡುವ ಮೇಳಗಳು ಮೇ ತಿಂಗಳ ಕೊನೆಯ ವಾರದ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ. ಅಲ್ಲಿಂದ ಮುಂದೆ ಮಳೆಗಾಲ. ರಂಗಸ್ಥಳವಿಲ್ಲ, ಸಂಬಳವೂ ಇಲ್ಲ. ಶಾಲೆಗಳು ಆರಂಭವಾಗುವುದು ಸರಿಯಾಗಿ ಅದೇ ಹೊತ್ತಿಗೆ. ರಾತ್ರಿ ದೇವೇಂದ್ರನಾಗಿ ಕಿರೀಟ ಧರಿಸಿದವನು ಹಗಲಿನಲ್ಲಿ ಮಗಳ ಪುಸ್ತಕಕ್ಕಾಗಿ ಸಾಲ ಕೇಳಬೇಕಾಗುವುದು ಈ ಕಾರಣದಿಂದಲೇ. ಮಳೆಗಾಲದಲ್ಲಿ ಕಲಾವಿದರು ತಂಡ ಕಟ್ಟಿಕೊಂಡು ಮುಂಬಯಿ, ಪುಣೆಗಳಿಗೆ ಬರುವುದಕ್ಕೂ ಇದೇ ಕಾರಣ. ಆದುದರಿಂದ ಪುಣೆಯಲ್ಲಿ ಆಟವಾಡಿಸುವುದು ನಮ್ಮ ಮನರಂಜನೆಯಾದಂತೆ ಅವರ ಅರ್ಧ ವರ್ಷದ ಜೀವನೋಪಾಯವೂ ಆಗಿದೆ.

ಉಡುಪಿಯ ಯಕ್ಷಗಾನ ಕಲಾರಂಗವು ಈ ದಾರಿಯಲ್ಲಿ ಹಿರಿಯದು. 1975ರಲ್ಲಿ ಕಲಾಪ್ರಿಯರ ಕೂಟವಾಗಿ ಹುಟ್ಟಿದ ಆ ಸಂಸ್ಥೆಯು ‘ವಿದ್ಯಾಪೋಷಕ್’ ಎಂಬ ಯೋಜನೆಯ ಮೂಲಕ ಬಡ ಪ್ರತಿಭಾವಂತ ವಿದ್ಯಾರ್ಥಿಗಳಿಗೆ ನೆರವಾಗುತ್ತಿದೆ. ದೂರದ ಅಮೆರಿಕೆಯಲ್ಲಿಯೂ ಇಂಥ ನಿದರ್ಶನವುಂಟು. ಸ್ಯಾನ್ ಡಿಯಾಗೋ ನಗರದಲ್ಲಿ 1970ರಲ್ಲಿ ಚಿತ್ರಕಥೆಗಳ ಅಭಿಮಾನಿಗಳು ಆರಂಭಿಸಿದ ‘ಕಾಮಿಕ್ ಕಾನ್’ ಸಮ್ಮೇಳನಕ್ಕೆ ಆ ವರ್ಷದ ಆಗಸ್ಟಿನಲ್ಲಿ ಸುಮಾರು 300 ಮಂದಿ ಬಂದಿದ್ದರು. ಈಗ ಲಕ್ಷಕ್ಕೂ ಮೀರಿ ಸೇರುತ್ತಾರೆ. ಅಷ್ಟು ಬೆಳೆದರೂ ಅದು ಲಾಭರಹಿತ ಸಂಸ್ಥೆಯಾಗಿಯೇ ಉಳಿದಿದೆ.

ಯಕ್ಷಗಾನವು ತಾನೇ ಒಂದು ಪಾಠಶಾಲೆಯೆಂಬುದನ್ನು ಮರೆಯಲಾಗದು. ಅಕ್ಷರವರಿಯದ ಹಿರಿಯರು ಭಾರತ ರಾಮಾಯಣಗಳನ್ನು ಕಲಿತದ್ದು ಅಲ್ಲಿಯೇ. ಮಹಾರಾಷ್ಟ್ರವೂ ಅಲ್ಲಿಂದ ಕಲಿತಿದೆ. ಕರ್ನಾಟಕದ ಭಾಗವತ ಮೇಳದ ಆಟವೇ ವಿಷ್ಣುದಾಸ ಭಾವೆಯವರಿಗೆ ಪ್ರೇರಣೆಯಾಗಿ, ಅವರು 1843ರಲ್ಲಿ ಸಾಂಗ್ಲಿಯಲ್ಲಿ ‘ಸೀತಾಸ್ವಯಂವರ’ವನ್ನು ಆಡಿಸಿದರು, ಮರಾಠಿ ರಂಗಭೂಮಿಯ ಚರಿತ್ರೆ ಆರಂಭವಾಗುವುದು ಅಲ್ಲಿಂದ. ಇಂದು ಪುಣೆಯಲ್ಲಿ ಮರಾಠಿ, ಇಂಗ್ಲಿಷ್ ಶಾಲೆಗಳಲ್ಲಿ ಓದುವ ನಮ್ಮ ಮಕ್ಕಳಿಗೆ ಕನ್ನಡ ಲಿಪಿಯ ಪರಿಚಯ ಕಡಮೆ. ಅಂಥ ಬಾಲಕನು ತಾಳ, ಹೆಜ್ಜೆಗಳನ್ನು ಕಲಿತು ಅಭಿಮನ್ಯುವಿನ ಮಾತನ್ನು ಬಾಯಿಪಾಠ ಮಾಡಿದನೆಂದರೆ, ಇಂಗ್ಲಿಷಿನ ಸೋಂಕಿಲ್ಲದ ಶುದ್ಧ ಕನ್ನಡವು ಅವನ ನಾಲಗೆಗೆ ಬಂದಂತೆಯೇ ಸರಿ.

ಹೋಟೆಲು ಕೆಲಸಗಾರರಿಗೆ ವಿದ್ಯೆಯ ಬೆಲೆಯನ್ನು ಬೇರೆಯವರು ಹೇಳಬೇಕಾಗಿಲ್ಲ. ಶಾಲೆ ಬಿಟ್ಟು ಘಟ್ಟ ಹತ್ತಿ ಬಂದವರೆಷ್ಟು ಮಂದಿ! ಹಗಲು ಲೋಟ ತೊಳೆದು ರಾತ್ರಿಶಾಲೆಯಲ್ಲಿ ಓದಿ ಗುಮಾಸ್ತರಾದವರೂ ನಮ್ಮಲ್ಲಿದ್ದಾರೆ. ಎರಂಡವಣೆಯ ಗಣೇಶನಗರದಲ್ಲಿ ಪುಣೆ ಕನ್ನಡ ಸಂಘವು ನಡೆಸುವ ಡಾ. ಶಾಮರಾವ್ ಕಲ್ಮಾಡಿ ಪ್ರೌಢಶಾಲೆಯನ್ನು ನೋಡಿದರೆ ಪರಸ್ಥಳದ ಕನ್ನಡಿಗರು ಒಗ್ಗೂಡಿ ಏನನ್ನು ಸಾಧಿಸಬಲ್ಲರೆಂಬುದು ವೇದ್ಯವಾಗುತ್ತದೆ.

ಆದುದರಿಂದ ನಮ್ಮ ಸೂಚನೆ ಇಷ್ಟೇ. ಪುಣೆಯಲ್ಲಿ ಆಟವಾಡಿಸುವ ಯಾವುದೇ ಬಳಗವು ಆರಂಭದಲ್ಲಿಯೇ ವಿದ್ಯಾನಿಧಿಯ ಪಾಲನ್ನು ಗೊತ್ತುಪಡಿಸಲಿ. ಸಭಾಗೃಹದ ಬಾಡಿಗೆ, ಬಸ್ಸು, ಊಟ, ಕಲಾವಿದರ ಸಂಭಾವನೆ ಇವೆಲ್ಲ ಕಳೆದು ಉಳಿದುದನ್ನು ಕೊಡುವೆವೆಂದರೆ ಉಳಿಯುವುದು ಹಾರ ತುರಾಯಿಗಳ ಲೆಕ್ಕ ಮಾತ್ರ. ಶಾಲುಗಳ ಸಂಖ್ಯೆಯನ್ನು ಇಳಿಸಿದರೆ ಒಬ್ಬ ಬಾಲಕನ ಪುಸ್ತಕದ ವೆಚ್ಚವಾದರೂ ಹುಟ್ಟೀತು. ಸ್ಮರಣ ಸಂಚಿಕೆಯಲ್ಲಿ ಜಾಹೀರಾತಿನಿಂದ ಬಂದ ಹಣದ ಆಯವ್ಯಯವನ್ನು ಮರುವರ್ಷ ಅಚ್ಚು ಹಾಕಿಸಲಿ. ಮಾಲಕರ ದೊಡ್ಡ ದೇಣಿಗೆಯೊಡನೆ ಮಾಣಿಯ ಹತ್ತು ರೂಪಾಯಿಗೂ ರಸೀದಿ ದೊರೆಯಲಿ. ಸಹಾಯವು ಜೂನ್ ತಿಂಗಳ ಮೊದಲೇ ಕೈಸೇರಲಿ. ದಸರೆಗೆ ದೊರೆತ ಶುಲ್ಕವು ಶಾಲೆ ಬಿಟ್ಟ ಹುಡುಗನಿಗೆ ಪ್ರಯೋಜನವಾಗದು.

ನಿದ್ದೆಗೆಟ್ಟು ಆಟ ನೋಡಿ ಮರುದಿನ ಬೆಳಗ್ಗೆ ಗಲ್ಲಾದ ಮೇಲೆಯೋ ಕಚೇರಿಯ ಮೇಜಿನ ಮುಂದೆಯೋ ತೂಕಡಿಸುವ ರಸಿಕರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅವರ ಆ ಒಂದು ರಾತ್ರಿಯ ಆನಂದವು ಊರಿನ ಒಬ್ಬ ಮಗುವಿಗೆ ಒಂದು ವರ್ಷದ ವಿದ್ಯೆಯಾಗಲಿ ಎಂಬುದೇ ನಮ್ಮ ಹಾರೈಕೆ.