ಕಡಲ ದಾರಿ ಗುಡಿಸುವ ಹಡಗು

ಬಸವನಗುಡಿಯಲ್ಲಿರುವ ನಮಗೆ ಕಡಲು ದೂರದ ಮಾತೆನಿಸಬಹುದು. ಆದರೆ ಮಂಗಳೂರಿನಲ್ಲಿ ಹಡಗಿನಿಂದಿಳಿದ ಕಚ್ಚಾ ಎಣ್ಣೆಯು ಅಲ್ಲಿಯೇ ಶುದ್ಧವಾಗಿ, ಕೊಳವೆಯಲ್ಲಿ ಹಾಸನವನ್ನು ಹಾದು ಬೆಂಗಳೂರಿಗೆ ಏರಿಬರುತ್ತದೆ. ಬಂದರಿನ ಬಾಯಲ್ಲಿ ಶತ್ರುವು ಮೈನುಗಳನ್ನು, ಎಂದರೆ ನೀರೊಳಗಣ ಸಿಡಿಗುಂಡುಗಳನ್ನು, ಹುದುಗಿಸಿದರೆ ಆ ದಾರಿಯೇ ನಿಂತಂತೆ.

ಅವನ್ನು ತೆಗೆಯುವ ಹಡಗುಗಳಲ್ಲಿ ಎರಡು ನಮ್ಮ ಕಾರವಾರದ ಹೆಸರನ್ನೇ ಹೊತ್ತಿದ್ದವು. 1956ರಲ್ಲಿ ಬ್ರಿಟನ್ನಿನಿಂದ ಬಂದ ಮೊದಲನೆಯದರ ಹೊರಮೈ ಮರದ್ದು. ಉಕ್ಕಿನ ಯುಗದಲ್ಲಿ ಮರವೇಕೆ? ಕೆಲವು ಮೈನುಗಳಿಗೆ ಮುಟ್ಟುವುದೇ ಬೇಕಿಲ್ಲ. ತಳದಲ್ಲಿ ಮಲಗಿಕೊಂಡೇ, ಮೇಲೆ ಹಾಯುವ ಕಬ್ಬಿಣದ ಕಾಂತಪ್ರಭಾವವನ್ನು ಅರಿತು ಸಿಡಿಯುತ್ತವೆ. ಗುಡಿಸುವವನೇ ಆಹುತಿಯಾಗಬಾರದಷ್ಟೆ! ಆದಕಾರಣ ಮರದ ಹಡಗು ಮುಂದೆ ಸಾಗಿ, ವಿದ್ಯುತ್ತು ಹರಿಯುವ ಉದ್ದನೆಯ ತಂತಿಯನ್ನು ಹಿಂದೆ ಎಳೆಯುತ್ತ, ಮೈನನ್ನು ದೂರದಲ್ಲಿಯೇ ಸಿಡಿಸುತ್ತದೆ. ತಳಕ್ಕೆ ಬಿಗಿದು ನಡುನೀರಿನಲ್ಲಿ ತೇಲಬಿಟ್ಟ ಮೈನಿಗಾದರೋ ಕತ್ತರಿಗಳನ್ನು ಕಟ್ಟಿದ ಉಕ್ಕಿನ ಹಗ್ಗ ಸಾಕು. ಬಿಗಿತ ಕಡಿದೊಡನೆ ಅದು ಮೇಲೆದ್ದು ಬಂದೂಕಿಗೆ ಗುರಿಯಾಗುತ್ತದೆ.

1986ರಲ್ಲಿ ಸೋವಿಯೆತ್ ದೇಶದಲ್ಲಿ ಸೇವೆಗೆ ಸೇರಿದ ಎರಡನೆಯ ಕಾರವಾರವು 2017ರಲ್ಲಿ ನಿವೃತ್ತವಾಯಿತು. ಅದರ ಬಳಗದ ಕಡೆಯ ಹಡಗಾದ ಕೋಳಿಕ್ಕೋಡ್ 2019ರಲ್ಲಿ ಹಿಂದೆ ಸರಿದಾಗ, ಈ ಕಾರ್ಯಕ್ಕೆಂದೇ ಕಟ್ಟಿದ ಹಡಗು ಭಾರತದ ನೌಕಾಪಡೆಯಲ್ಲಿ ಒಂದೂ ಉಳಿಯಲಿಲ್ಲ.