ಮಾತ್ರೆಗೆ ಬಗ್ಗದ ಫಿಟ್ಸ್: ಕೀಟೋ ಡಯಟ್ ಶುರುಮಾಡುವ ಮುನ್ನ

ಹೃದಯದ ಡಾಕ್ಟರ್ ಫಿಟ್ಸ್ ಬಗ್ಗೆ ಯಾಕೆ ಬರೀತಾರೆ ಅನ್ನಬೇಡಿ. ಫಿಟ್ಸ್‌ಗೆಂದು ಕೀಟೋ ಡಯಟ್‌ನಲ್ಲಿರುವ ಮಕ್ಕಳನ್ನು ಕೊಲೆಸ್ಟ್ರಾಲ್ ಏರಿತೆಂದು ನಮ್ಮ ಹತ್ತಿರವೂ ಕರೆತರುತ್ತಾರೆ. ನ್ಯೂರಾಲಜಿಸ್ಟ್ ಹೇಳಿ ಶುರುಮಾಡಿದ್ದರೆ ಸರಿ. ಮೊಬೈಲ್ ನೋಡಿ ಶುರುಮಾಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಸರಿಯಾಗಿ ಆರಿಸಿದ ಎರಡು ಔಷಧಿ ಸರಿಯಾದ ಪ್ರಮಾಣದಲ್ಲಿ ಕೊಟ್ಟರೂ ಫಿಟ್ಸ್ ನಿಲ್ಲದಿದ್ದರೆ ಅದು ಔಷಧಿಗೆ ಬಗ್ಗದ ಮೂರ್ಛೆರೋಗ. ಸುಮಾರು ಮೂರರಲ್ಲಿ ಒಬ್ಬ ರೋಗಿಗೆ ಹೀಗಾಗುತ್ತದೆ.

ಅನ್ನ, ಮುದ್ದೆ, ಚಪಾತಿ ಏನೇ ತಿಂದರೂ ಅದು ಗ್ಲೂಕೋಸ್ ಆಗಿ ಮೆದುಳು ಸೇರಿ, 'ಸಿಟ್ರಿಕ್ ಆಸಿಡ್ ಸೈಕಲ್' ಎಂಬ ಒಲೆಯಲ್ಲಿ ಉರಿದು ಶಕ್ತಿಯಾಗುತ್ತದೆ. (ಹೆಸರು ಕೇಳಿ ಮಗುವಿಗೆ ನಿಂಬೆರಸ ಕುಡಿಸಬೇಡಿ. ಈ ಸಿಟ್ರಿಕ್ ಆಸಿಡ್ ಜೀವಕೋಶದೊಳಗೇ ತಯಾರಾಗುತ್ತದೆ.) ನರಗಳನ್ನು ಕೆರಳಿಸುವ ಗ್ಲುಟಮೇಟ್, ತಣ್ಣಗಿಡುವ ಗಾಬಾ, ಎರಡಕ್ಕೂ ಕಚ್ಚಾ ಸಾಮಾನು ಸಿಗುವುದು ಇದೇ ಒಲೆಯಿಂದ. ಅದರ ಲಯ ತಪ್ಪಿದರೆ ಫಿಟ್ಸ್‌ಗೆ ದಾರಿಯಾಗಬಹುದು.

ಕೆಲವು ಮಕ್ಕಳಿಗೆ ಗ್ಲೂಕೋಸನ್ನು ಮೆದುಳಿಗೆ ದಾಟಿಸುವ ಗ್ಲಟ್-1 ಎಂಬ ಪ್ರೋಟೀನಿನಲ್ಲೇ ಹುಟ್ಟಿನಿಂದ ದೋಷ. ಒಲೆ ಸರಿಯಿದೆ, ಸೌದೆ ಸಾಲದು. ಇವರಿಗೆ ಕೊಬ್ಬು ಹೆಚ್ಚು, ಪಿಷ್ಟ ತೀರಾ ಕಡಿಮೆ ಇರುವ ಕೀಟೋಜೆನಿಕ್ ಆಹಾರವೇ ಮುಖ್ಯ ಚಿಕಿತ್ಸೆ. ಲಿವರ್ ಕೊಬ್ಬಿನಿಂದ ಕೀಟೋನ್ ತಯಾರಿಸುತ್ತದೆ. ಅದು ಬೇರೆ ಬಾಗಿಲಿಂದ ಮೆದುಳಿಗೆ ಹೋಗಿ ಅದೇ ಒಲೆಗೆ ಬೀಳುತ್ತದೆ. ಬೇರೆ ಕಾರಣದ ಹಟಮಾರಿ ಫಿಟ್ಸ್‌ನಲ್ಲೂ ಹಲವು ಮಕ್ಕಳಿಗೆ ಇದು ನೆರವಾಗಿದೆ. 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಡಾ. ರಸೆಲ್ ವೈಲ್ಡರ್ ಇದನ್ನು ಸೂಚಿಸಿದ್ದು ಫಿಟ್ಸ್‌ಗೆಂದೇ. ಜಿಮ್‌ನವರು ಬಹಳ ಆಮೇಲೆ ಬಂದರು.

ಆದರೆ ಕೊಬ್ಬನ್ನು ಉರಿಸಲಾಗದ ಹುಟ್ಟುದೋಷವಿರುವ ಮಗುವಿಗೆ ಇದೇ ಊಟ ಪ್ರಾಣಕ್ಕೆ ಅಪಾಯ. ಪೈರುವೇಟ್ ಕಾರ್ಬಾಕ್ಸಿಲೇಸ್ ಎಂಬ ಕಿಣ್ವದ ಕೊರತೆ ಇದ್ದರೂ ಅಷ್ಟೇ. ಅದಕ್ಕೇ ಮೊದಲು ರಕ್ತ, ಮೂತ್ರ ಪರೀಕ್ಷೆ. ಶುರುವಾದ ಮೇಲೆ ಕಿಡ್ನಿ ಕಲ್ಲು, ಕೊಲೆಸ್ಟ್ರಾಲ್ ಮೇಲೆ ಕಣ್ಣಿಡಬೇಕು. ಸೆಲೆನಿಯಮ್ ಕಡಿಮೆಯಾದರೆ ಹೃದಯದ ಸ್ನಾಯು ದುರ್ಬಲವಾಗಬಹುದು, ನನ್ನ ಚಿಂತೆ ಅದು. ಫಿಟ್ಸ್ ಕಡಿಮೆಯಾಯಿತೆಂದು ಮಾತ್ರೆಯನ್ನು ನೀವಾಗಿ ನಿಲ್ಲಿಸಲೇಬೇಡಿ.

ಇನ್ನೊಂದು ಮಾತು. ಪುಣೆಯಲ್ಲೋ ಚೆನ್ನೈನಲ್ಲೋ ನೀವು ಗ್ರಾಂ ಲೆಕ್ಕದಲ್ಲಿ ತೂಗಿ ಬಡಿಸಿದ್ದು, ರಜೆಗೆ ಊರಿಗೆ ಹೋದಾಗ ಅಜ್ಜಿ ಪ್ರೀತಿಯಿಂದ ಕೊಟ್ಟ ಒಂದು ತುಂಡು ಮೈಸೂರುಪಾಕಿನಿಂದ ಕೆಡಬಹುದು. ಹೊರಡುವ ಮೊದಲೇ ಅವರಿಗೆ ಫೋನ್ ಮಾಡಿ ಬಿಡಿಸಿ ಹೇಳಿ. ಕೆಮ್ಮಿನ ಸಿರಪ್‌ನಲ್ಲೂ ಸಕ್ಕರೆ ಇರುತ್ತದೆ; ಸಕ್ಕರೆಯಿಲ್ಲದ್ದನ್ನೇ ಬರೆದುಕೊಡಲು ಡಾಕ್ಟರ್ ಹತ್ತಿರ ಕೇಳಿ.