ಆಯಾಸ ನಿವಾರಕ ಗುಣದ ಪ್ರಾಣಿ ಪರೀಕ್ಷೆ

ಆಯಾಸ ನಿವಾರಕ ಗುಣದ ಪ್ರಾಣಿ ಪರೀಕ್ಷೆ ಎಂಬುದು ಔಷಧೀಯ ಸಸ್ಯದ ಸಾರವೊಂದು ದೈಹಿಕ ದಣಿವನ್ನು ಮುಂದೂಡಬಲ್ಲುದೇ ಎಂಬುದನ್ನು ಇಲಿ, ಸುಂಡಿಲಿ ಮುಂತಾದ ಪ್ರಯೋಗಾಲಯದ ಪ್ರಾಣಿಗಳ ಮೇಲೆ ಪರಿಶೀಲಿಸುವ ವಿಧಾನವಾಗಿದೆ. ಅಶ್ವಗಂಧ, ಜಿನ್ಸೆಂಗ್, ರೋಡಿಯೋಲಾ ಮೊದಲಾದ ಸಸ್ಯಗಳನ್ನು ಈ ರೀತಿ ಪರೀಕ್ಷಿಸಲಾಗಿದೆ.

ಹಿನ್ನೆಲೆ

ಕನ್ನಡದಲ್ಲಿ ಹಿರೇಮದ್ದು ಎಂದೂ ಕರೆಯಲ್ಪಡುವ ಅಶ್ವಗಂಧದ ಬೇರನ್ನು ಆಯುರ್ವೇದದಲ್ಲಿ ಬಲವರ್ಧಕವೆಂದು ಬಳಸುತ್ತಾರೆ. ದೇಹಕ್ಕೆ ಒತ್ತಡವನ್ನು ತಾಳಿಕೊಳ್ಳುವ ಶಕ್ತಿ ಕೊಡುವ ವಸ್ತುಗಳಿಗೆ ಸೋವಿಯತ್ ವಿಜ್ಞಾನಿ ನಿಕೊಲಾಯ್ ಲಾಜರೆವ್ 1947ರಲ್ಲಿ 'ಅಡಾಪ್ಟೋಜೆನ್' ಎಂಬ ಹೆಸರನ್ನಿತ್ತರು. ಅನಂತರ ಇಸ್ರೇಲ್ ಬ್ರೆಖ್‌ಮನ್ ಜಿನ್ಸೆಂಗ್ ಮತ್ತು ಅದರ ಬಳಗದ ಸಸ್ಯಗಳ ಬಗ್ಗೆ ವಿಸ್ತೃತ ಪ್ರಯೋಗಗಳನ್ನು ನಡೆಸಿದರು.

ವಿಧಾನ

ಪ್ರಾಣಿಗಳನ್ನು ಯಾದೃಚ್ಛಿಕವಾಗಿ ಗುಂಪುಗಳಾಗಿ ವಿಂಗಡಿಸಲಾಗುತ್ತದೆ. ಒಂದು ಗುಂಪಿಗೆ ಸಾರವಿಲ್ಲದ ದ್ರಾವಣವನ್ನೂ ಉಳಿದವುಗಳಿಗೆ ಕಡಿಮೆ, ಮಧ್ಯಮ ಮತ್ತು ಹೆಚ್ಚಿನ ಪ್ರಮಾಣದ ಸಾರವನ್ನೂ ಸಾಮಾನ್ಯವಾಗಿ ಕೆಲವು ವಾರಗಳ ಕಾಲ ಬಾಯಿಯ ಮೂಲಕ ನೀಡಲಾಗುತ್ತದೆ. ಬಳಿಕ ದೇಹತೂಕದ ಸುಮಾರು 5% ಭಾರವನ್ನು ಬಾಲಕ್ಕೆ ಕಟ್ಟಿ ಪ್ರಾಣಿಯನ್ನು ನೀರಿನಲ್ಲಿ ಈಜಲು ಬಿಡುವುದು ಒಂದು ಪ್ರಚಲಿತ ಕ್ರಮ. ಕೆಲವು ಸೆಕೆಂಡುಗಳಾದರೂ ಪ್ರಾಣಿಯು ಮೇಲ್ಮೈಗೆ ಬರಲಾರದಿದ್ದರೆ ಅದು ಪೂರ್ಣವಾಗಿ ದಣಿದಿದೆಯೆಂದು ಪರಿಗಣಿಸಿ ತಕ್ಷಣ ಹೊರತೆಗೆಯುತ್ತಾರೆ. ಟ್ರೆಡ್‌ಮಿಲ್ ಓಟ ಮತ್ತು ತಿರುಗುವ ಕೋಲಿನ ಮೇಲೆ ನಿಲ್ಲುವ ಪರೀಕ್ಷೆಗಳೂ ಬಳಕೆಯಲ್ಲಿವೆ.

ಜೀವರಾಸಾಯನಿಕ ಅಳತೆಗಳು

ಈಜಿನ ಅವಧಿಯೊಂದೇ ಸಾಕ್ಷ್ಯವಾಗಲಾರದು. ಆದ್ದರಿಂದ ರಕ್ತದ ಲ್ಯಾಕ್ಟೇಟ್, ಯೂರಿಯಾ ಮತ್ತು ಕ್ರಿಯಾಟಿನ್ ಕೈನೇಸ್ ಮಟ್ಟಗಳನ್ನೂ ಯಕೃತ್ತು ಹಾಗೂ ಸ್ನಾಯುಗಳ ಗ್ಲೈಕೋಜನ್ ಸಂಗ್ರಹವನ್ನೂ ಅಳೆಯಲಾಗುತ್ತದೆ. ಗ್ಲೈಕೋಜನ್ ಹೆಚ್ಚು ಉಳಿದಿದ್ದರೆ ಇಂಧನದ ಮಿತವ್ಯಯವಾಗಿದೆಯೆಂದೂ, ಕ್ರಿಯಾಟಿನ್ ಕೈನೇಸ್ ಕಡಿಮೆಯಿದ್ದರೆ ಸ್ನಾಯುಗಳಿಗೆ ಹಾನಿ ಕಡಿಮೆಯಾಗಿದೆಯೆಂದೂ ಅರ್ಥೈಸಬಹುದು. ಹೋಲಿಕೆ ನ್ಯಾಯವಾಗಿರಬೇಕಾದರೆ ಎಲ್ಲ ಗುಂಪುಗಳೂ ಸಮಾನ ಅವಧಿ ಈಜಿದ ನಂತರ ಈ ಮಾದರಿಗಳನ್ನು ಸಂಗ್ರಹಿಸಬೇಕು. ಹೆಚ್ಚು ಹೊತ್ತು ಈಜಿದ ಪ್ರಾಣಿಯ ರಕ್ತವನ್ನು ಬೇಗ ಸೋತದ್ದರ ರಕ್ತದೊಡನೆ ಹೋಲಿಸುವುದು ತಪ್ಪುದಾರಿಗೆ ಎಳೆಯುತ್ತದೆ.

ಮಿತಿಗಳು

ನೀರಿನ ಉಷ್ಣತೆ, ಪ್ರಾಣಿಯ ಕೊಬ್ಬು, ಭಯ ಮತ್ತು ತೇಲುವ ಅಭ್ಯಾಸಗಳು ಈಜಿನ ಅವಧಿಯನ್ನು ಬದಲಿಸುತ್ತವೆ. ಕೆಫೀನ್‌ನಂತಹ ಉತ್ತೇಜಕಗಳೂ ಅವಧಿಯನ್ನು ಹೆಚ್ಚಿಸಬಲ್ಲವು. ಆದ ಕಾರಣ ದೀರ್ಘ ಈಜು ಮಾತ್ರದಿಂದ ಪೋಷಣೆ ಅಥವಾ ಚೇತರಿಕೆ ಸಿದ್ಧವಾಗುವುದಿಲ್ಲ. ಗುಂಪಿನ ವಿವರ ತಿಳಿಯದ ವೀಕ್ಷಕರು ಸಮಯವನ್ನು ದಾಖಲಿಸಿದರೆ ಪಕ್ಷಪಾತ ತಗ್ಗುತ್ತದೆ.

ಪ್ರಮಾಣದ ಪರಿವರ್ತನೆಯೂ ಎಚ್ಚರಿಕೆಯನ್ನು ಬಯಸುತ್ತದೆ. ದೇಹದ ಮೇಲ್ಮೈ ವಿಸ್ತೀರ್ಣದ ಲೆಕ್ಕದಂತೆ, ಸುಂಡಿಲಿಯ ಪ್ರತಿ ಕಿಲೋಗ್ರಾಂ ತೂಕದ ಪ್ರಮಾಣವನ್ನು ಸುಮಾರು 12ರಿಂದ ಭಾಗಿಸಬೇಕು. ಸುಂಡಿಲಿಗೆ 100 ಮಿಲಿಗ್ರಾಂ ನೀಡಿದ್ದರೆ ಮನುಷ್ಯನಿಗೆ ಕಿಲೋಗ್ರಾಂಗೆ ಸುಮಾರು 8 ಮಿಲಿಗ್ರಾಂ ಸಮಾನವೆನಿಸುತ್ತದೆ. ಅಂದರೆ 60 ಕಿಲೋಗ್ರಾಂ ತೂಕದವರಿಗೆ ಸುಮಾರು 490 ಮಿಲಿಗ್ರಾಂ. ಇದು ಮಾನವ ಪ್ರಯೋಗಗಳನ್ನು ಆರಂಭಿಸಲು ನೆರವಾಗುವ ಅಂದಾಜೇ ಹೊರತು ಸೇವನೆಯ ಸಲಹೆಯಲ್ಲ. ಅಶ್ವಗಂಧ ಪೂರಕಗಳನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿನ ತೊಂದರೆ ವರದಿಯಾಗಿದೆ. ಗರ್ಭಿಣಿಯರು ಅದನ್ನು ಸೇವಿಸಬಾರದೆಂದು ಸಲಹೆ ನೀಡಲಾಗುತ್ತದೆ. ದೀರ್ಘಕಾಲದ ದಣಿವಿಗೆ ರಕ್ತಹೀನತೆ, ಥೈರಾಯ್ಡ್ ದೋಷ ಅಥವಾ ಮಧುಮೇಹವೂ ಕಾರಣವಾಗಿರಬಹುದಾದ್ದರಿಂದ, ಪೂರಕವನ್ನು ನೆಚ್ಚಿ ವೈದ್ಯಕೀಯ ತಪಾಸಣೆಯನ್ನು ಮುಂದೂಡುವುದು ಅಪಾಯಕಾರಿ.

ಪ್ರಾಣಿಗಳ ಹಿತರಕ್ಷಣೆ

ಬಳಲಿಸಿ ಈಜಿಸುವ ಪರೀಕ್ಷೆಯು ಪ್ರಾಣಿಗಳಿಗೆ ತೀವ್ರ ಸಂಕಟವನ್ನುಂಟುಮಾಡುತ್ತದೆ. ರಸೆಲ್ ಮತ್ತು ಬರ್ಚ್ 1959ರಲ್ಲಿ ಪ್ರಾಣಿಗಳಿಗೆ ಪರ್ಯಾಯ ಹುಡುಕುವುದು, ಅವುಗಳ ಸಂಖ್ಯೆಯನ್ನು ಇಳಿಸುವುದು ಮತ್ತು ನೋವನ್ನು ತಗ್ಗಿಸುವುದು ಎಂಬ ಮೂರು ತತ್ತ್ವಗಳನ್ನು ಮಂಡಿಸಿದರು. ಭಾರತದಲ್ಲಿ ಇಂತಹ ಪ್ರಯೋಗಗಳು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಅವುಗಳಿಗೆ ಸಂಸ್ಥೆಯ ಪ್ರಾಣಿ ನೈತಿಕತಾ ಸಮಿತಿಯ ಪೂರ್ವಾನುಮತಿ ಅಗತ್ಯ.